ಎಂಜಿನ್ ಕೆಳಗೆ ಮಲಗುವವನು

ಒಂದು ಅಂಗಿಗೆ ಆರು ಗುಂಡಿ. ಅವತ್ತು ಬೆಳಿಗ್ಗೆ ಎರಡನೆಯ ಗುಂಡಿ ಹಾಕುವಷ್ಟರಲ್ಲೇ ಭಾವನ ಚಹಾ ಆರಿ ಕೆನೆಗಟ್ಟಿತ್ತು. ಮೂರನೆಯದರ ಜೊತೆ ಅವನು ಗುದ್ದಾಡುತ್ತಿರುವಾಗ ಹೆಂಡತಿ ಅಡುಗೆಮನೆಯಿಂದ ಬಂದಳು, ಗಂಡನ ಕೈಯನ್ನು ಪಕ್ಕಕ್ಕೆ ಸರಿಸಿ ಉಳಿದ ನಾಲ್ಕನ್ನೂ ತಾನೇ ಟಪಟಪನೆ ಹಾಕಿದಳು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು. ಇಷ್ಟಕ್ಕೆಲ್ಲ ಕಣ್ಣೀರು ಹಾಕುವವಳಲ್ಲ.

"ಇವತ್ತಾದ್ರೂ ಅವನಿಗೆ ಹೇಳ್ತೀರೋ, ಇಲ್ಲ ನಾನೇ ಹೇಳ್ಲೋ?"

"ಹೇಳ್ತೀನಿ ಬಿಡೇ. ಈ ವ್ಯಾನೊಂದು ಮುಗೀಲಿ."

"ಹೋದ ತಿಂಗಳು ಲಾರಿ ಮುಗೀಲಿ ಅಂದ್ರಿ. ಅದಕ್ಕೂ ಮುಂಚೆ ಟ್ರ್ಯಾಕ್ಟರ್ ಮುಗೀಲಿ ಅಂದ್ರಿ. ಊರಲ್ಲಿರೋ ಗಾಡಿಯೆಲ್ಲ ಮುಗಿಯೋ ಹೊತ್ತಿಗೆ ನನ್ನ ತಮ್ಮನೂ ಮುಗೀತಾನೆ."

ಭಾವ ಕೆನೆಗಟ್ಟಿದ ಚಹಾವನ್ನು ಹಾಗೆಯೇ ಕುಡಿದು, ಚಪ್ಪಲಿ ಮೆಟ್ಟಿಕೊಂಡು ಹೊರಟ.

ನಾಲ್ಕು ತಿಂಗಳಿಂದ ಅವನ ಬೆರಳ ತುದಿಗಳಿಗೆ ಸ್ಪರ್ಶವಿರಲಿಲ್ಲ. ಮೊದಲು ಜುಮ್ಮೆನ್ನುತ್ತಿದ್ದವು, ಆಮೇಲೆ ಮರಗಟ್ಟಿದವು, ಈಗ ಬಿಸಿ ಸೈಲೆನ್ಸರ್ ಮುಟ್ಟಿದರೂ ಚರ್ಮ ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆಯೇ ಗೊತ್ತಾಗುವುದು. ಸಕ್ಕರೆ ಕಾಯಿಲೆ ನರಕ್ಕೆ ಇಳಿದಿದೆ ಎಂದು ಡಾಕ್ಟರು ಹೇಳಿದ್ದರು. ಇರುವುದನ್ನು ಉಳಿಸಿಕೊಳ್ಳಿ, ಹೋದದ್ದು ವಾಪಸು ಬರುತ್ತದೆಂಬ ಆಸೆ ಬೇಡ ಎಂದೂ ಹೇಳಿದ್ದರು. ಇಷ್ಟು ಡಾಕ್ಟರಿಗೆ ಗೊತ್ತಿತ್ತು, ಹೆಂಡತಿಗೆ ಗೊತ್ತಿತ್ತು. ಗೊತ್ತಾಗಲೇಬೇಕಾದವನಿಗೆ ಗೊತ್ತಿರಲಿಲ್ಲ. ಅವನು ಹೆಂಡತಿಯ ತಮ್ಮ, ಭಾವನ ಬಾಮೈದ, ಇಪ್ಪತ್ತಾರು ವರ್ಷದಿಂದ ಗಾಡಿ ರಿಪೇರಿಯ ಶೆಡ್ಡಿನಲ್ಲಿ ಅವನ ಜೊತೆ ದುಡಿಯುವವನು.

ಭಾವನಿಗೆ ಆ ಹೆಸರು ಬಿದ್ದದ್ದೂ ಈ ಬಾಮೈದನ ದೆಸೆಯಿಂದಲೇ. ಹಿಟ್ಟಿನ ಗಿರಣಿಯ ಕೆಲಸ ಬಿಟ್ಟವನು ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದಿದ್ದ. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಅಷ್ಟರಲ್ಲಿ ಅವನಿಗೆ ಮದುವೆಯಾಯಿತು, ಪಕ್ಕದ ಓಣಿಯಲ್ಲಿ ಮನೆಯಾಯಿತು, ಮಗಳಾದಳು. ದಿನಕ್ಕೆ ನೂರು ಸಲ ಗಾಡಿಯ ಅಡಿಯಿಂದ ಅವನು "ಭಾವಾ, ಜಾಕಿ", "ಭಾವಾ, ಹದಿನಾಲ್ಕು ನಂಬರ್" ಎಂದು ಕೂಗುವುದನ್ನು ಕೇಳಿ ಕೇಳಿ ಗಿರಾಕಿಗಳೂ ಭಾವ ಎಂದರು, ಎದುರಿನ ಟೈರ್ ಅಂಗಡಿಯವನೂ ಭಾವ ಎಂದ. ಕೊನೆಗೆ ಇಡೀ ಬೀದಿಯೇ ಅವನಿಗೆ ಹೆಣ್ಣು ಕೊಟ್ಟ ಮನೆಯಾಯಿತು. ಅಳಿಯನ ಮರ್ಯಾದೆ ಮಾತ್ರ ಯಾರೂ ಮಾಡಲಿಲ್ಲ.

ಶೆಡ್ಡಿನಲ್ಲಿ ಜಾಗ ಮೊದಲಿನಿಂದ ಹಂಚಿಹೋಗಿತ್ತು. ಭಾವ ಮೇಲೆ, ಬಾಮೈದ ಕೆಳಗೆ. ಎಂಜಿನ್ ಇಳಿಸುವಾಗ ಮೇಲಿನ ಕಬ್ಬಿಣದ ತೊಲೆಗೆ ಕಟ್ಟಿದ ಜೋಡಿ ರಾಟೆಯ ಸರಪಳಿ ಭಾವನ ಕೈಯಲ್ಲಿ. ಒಂದು ಕೈಯಲ್ಲಿ ಸರಪಳಿ ಬಿಗಿಹಿಡಿದು, ಇನ್ನೊಂದು ಕೈಯಲ್ಲಿ ತೂಗುವ ಎಂಜಿನ್ನನ್ನು ಹಿಡಿದು ನಿಲ್ಲಿಸುತ್ತ ಅವನು ಇಂಚಿಂಚೇ ಬಿಡಬೇಕು. ಬಾಮೈದ ಗಾಡಿಯ ಅಡಿಯಲ್ಲಿ ಚಕ್ರ ಹಾಕಿದ ಹಲಗೆಯ ಮೇಲೆ ಅಂಗಾತ ಮಲಗಿ, ಎರಡೂ ಕೈಯನ್ನು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸಂದಿಗೆ ತೂರಿಸಿ, ಗೇರ್‌ಬಾಕ್ಸಿನ ಶಾಫ್ಟು ಎಂಜಿನ್ನಿನ ತೂತಿಗೆ ಸರಿಯಾಗಿ ಕೂರುವಂತೆ ದಾರಿ ತೋರಿಸಬೇಕು. ಸರಪಳಿ ಒಂದು ಗೇಣು ಜಾಸ್ತಿ ಜಾರಿದರೆ ಆ ಹತ್ತು ಬೆರಳು ಹೋದವು. ಇನ್ನೊಂದು ಗೇಣು ಜಾರಿದರೆ ಎದೆಯೇ ಹೋಯಿತು. ಇಪ್ಪತ್ತಾರು ವರ್ಷದಲ್ಲಿ ಸರಪಳಿ ಒಮ್ಮೆಯೂ ಜಾರಿರಲಿಲ್ಲ.

ಹೋದ ತಿಂಗಳು ಲಾರಿಯ ಕೆಲಸದಲ್ಲಿ ಭಾವನ ಕೈಯಿಂದ ದೊಡ್ಡ ಸ್ಪ್ಯಾನರ್ ಜಾರಿ ಬಾಮೈದನ ಕಿವಿಯ ಪಕ್ಕದಲ್ಲೇ ಠಣ್ಣೆಂದು ಬಿತ್ತು. "ಎಣ್ಣೆ ಕೈ ಕಣೋ" ಎಂದ ಭಾವ. "ಮುಂದಿನ ಸಲ ಹೇಳಿ ಬೀಳಿಸಿ ಭಾವಾ, ಕಿವಿ ಬಿಚ್ಚಿ ಪಕ್ಕಕ್ಕಿಟ್ಟಿರ್ತೀನಿ" ಎಂದು ಬಾಮೈದ ಕೆಳಗಿನಿಂದಲೇ ನಕ್ಕ. ಭಾವನಿಗೆ ಆ ರಾತ್ರಿ ಅನ್ನ ಇಳಿಯಲಿಲ್ಲ. ಮಾರನೆಯ ದಿನ ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಂಡು ಹೋದ, ಹೇಳಲಿಲ್ಲ. ಹೇಳಿದರೆ ಆಮೇಲೇನು? ತನ್ನದೇ ಶೆಡ್ಡಿನ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು, ಬಂದವರಿಗೆ ಕುರ್ಚಿ ತೋರಿಸುವ ಮುದುಕ. ಅದನ್ನು ನೆನೆದರೆ ಅವನಿಗೆ ನಾಚಿಕೆಯಾಗುತ್ತಿತ್ತು, ಭಯವಾಗುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಸುಸ್ತಾಗುತ್ತಿತ್ತು. ಮುಚ್ಚಿಡುವುದೂ ಒಂದು ಕೆಲಸವೇ. ಸಂಜೆಯಾದರೂ ಬಿಡುವು ಕೊಡದ ಕೆಲಸ.

ಈಗ ಬಂದಿದ್ದ ವ್ಯಾನು ಲಾಂಡ್ರಿಯಮ್ಮನದು. ಎಪ್ಪತ್ತರ ಹತ್ತಿರದ ಹೆಂಗಸು, ಆಸ್ಪತ್ರೆಯ ಮತ್ತು ಎರಡು ಹೋಟೆಲುಗಳ ಬೆಡ್‌ಶೀಟುಗಳನ್ನು ಒಯ್ದು ಒಗೆಸಿ ಇಸ್ತ್ರಿ ಮಾಡಿಸಿ ತಂದುಕೊಡುವವಳು. ವ್ಯಾನಿಗೂ ಅವಳಷ್ಟೇ ವಯಸ್ಸು ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಹೋದ ವಾರ ಏರು ರಸ್ತೆಯಲ್ಲಿ ನೀರು ಕುದ್ದು ಅದರ ಡೀಸೆಲ್ ಎಂಜಿನ್ ಸೀಳುಬಿಟ್ಟಿತು. ಅದೇ ಜಾತಿಯ ಇನ್ನೊಂದು ವ್ಯಾನು ಹಿಂದಿನಿಂದ ಡಿಕ್ಕಿ ಹೊಡೆಸಿಕೊಂಡು ಗುಜರಿ ಸೇರಿತ್ತು, ಮುಂದಿನ ಎಂಜಿನ್ನಿಗೆ ಏನೂ ಆಗಿರಲಿಲ್ಲ. ಅದನ್ನು ತಂದು ಇದಕ್ಕೆ ಕೂರಿಸುವುದೆಂದು ಮಾತಾಯಿತು. ನಿನ್ನೆಯೆಲ್ಲ ಹಳೆಯದನ್ನು ಬಿಚ್ಚಿ ಎತ್ತುವುದರಲ್ಲೇ ಹೋಗಿತ್ತು. ತುಕ್ಕು ಹಿಡಿದ ಎರಡು ಬೋಲ್ಟುಗಳು ಜಪ್ಪಯ್ಯ ಅಂದರೂ ಜಗ್ಗಿರಲಿಲ್ಲ.

ಭಾವ ಶೆಡ್ಡಿಗೆ ಬರುವ ಹೊತ್ತಿಗೆ ಲಾಂಡ್ರಿಯಮ್ಮ ಆಗಲೇ ಬೆಂಚಿನ ಮೇಲೆ ಕೂತಿದ್ದಳು.

"ಭಾವಾ, ಇವತ್ತು ಗಾಡಿ ಸಿಗುತ್ತೆ ತಾನೇ? ನಿನ್ನೆ ಕೈಗಾಡೀಲಿ ಶೀಟು ಕಳಿಸಿದ್ರೆ ಅರ್ಧ ಧೂಳು ಆಸ್ಪತ್ರೆಗೆ ಹೋಯ್ತು. ನರ್ಸು ನನ್ನೇ ಒಗೆದು ಹಾಕಿದ್ಲು."

"ಸಂಜೆಗೆ ಸಿಗುತ್ತಮ್ಮ" ಎಂದ ಬಾಮೈದ. ಭಾವ ತೋಳು ಮಡಚಿದ.

ಬದಲಿ ಎಂಜಿನ್ ಸರಪಳಿಗೆ ಸಿಕ್ಕಿಕೊಂಡು ಸೊಂಟದ ಎತ್ತರಕ್ಕೆ ತೂಗುತ್ತಿತ್ತು. ಮೊದಲು ಅದರ ಬೆನ್ನಿಗೆ ಕ್ಲಚ್ ಪ್ಲೇಟು ಹಾಕಬೇಕು. ಊಟದ ತಟ್ಟೆಯಗಲದ ಚಕ್ರ ಅದು. ನಡುವೆ ಹಲ್ಲುಹಲ್ಲಿನ ತೂತು. ಆ ತೂತಿನ ಸುತ್ತ ಒಂದು ಮುಖದಲ್ಲಿ ಏರು ತುಸು ಜಾಸ್ತಿ, ಇನ್ನೊಂದು ಮುಖದಲ್ಲಿ ತುಸು ಕಮ್ಮಿ. ಜಾಸ್ತಿ ಏರಿರುವ ಮುಖ ಗೇರ್‌ಬಾಕ್ಸಿನ ಕಡೆಗೆ ಬರಬೇಕು. ತಿರುವುಮುರುವಾದರೆ ಬೋಲ್ಟುಗಳೇನೋ ಕೂರುತ್ತವೆ, ಎಂಜಿನ್ನೂ ಓಡುತ್ತದೆ, ಗೇರು ಮಾತ್ರ ಬೀಳುವುದಿಲ್ಲ. ಯಾವ ಮುಖ ಯಾವ ಕಡೆಗೆಂದು ಅಂಚಿನಲ್ಲಿ ಇರುವೆ ಗಾತ್ರದ ಅಕ್ಷರ ಕೊರೆದಿರುತ್ತಾರೆ. ಭಾವ ಒಂದು ದಿನವೂ ಅದನ್ನು ಓದಿದವನಲ್ಲ. ಹೆಬ್ಬೆರಳನ್ನು ತೂತಿನ ಸುತ್ತ ಒಮ್ಮೆ ಆಡಿಸಿ, ಬೇರೆ ಏನೋ ಮಾತಾಡುತ್ತಲೇ ಪ್ಲೇಟು ಕೂರಿಸುವುದರಲ್ಲಿ ಅವನದು ಎತ್ತಿದ ಕೈ. ಶೆಡ್ಡಿನಲ್ಲಿ ಒಬ್ಬನ ಕೆಲಸವನ್ನು ಇನ್ನೊಬ್ಬ ನೋಡಬೇಕೆಂಬುದು ಇಬ್ಬರೂ ಸೇರಿ ಮಾಡಿಕೊಂಡ ನಿಯಮ. ಕ್ಲಚ್ ಪ್ಲೇಟಿಗೆ ಮಾತ್ರ ಅದು ಇರಲಿಲ್ಲ. "ಭಾವನ ಹೆಬ್ಬೆರಳು ನೋಡಿದ್ಮೇಲೆ ನಾನೇನು ನೋಡೋದು" ಎಂದು ಬಾಮೈದ ಎದ್ದು ಹೋಗುತ್ತಿದ್ದ.

ಭಾವ ಪ್ಲೇಟು ಎತ್ತಿಕೊಂಡು ಹೆಬ್ಬೆರಳು ಆಡಿಸಿದ. ಏನೂ ಇಲ್ಲ. ಇನ್ನೊಂದು ಮುಖ ತಿರುಗಿಸಿ ಆಡಿಸಿದ. ಅಲ್ಲೂ ಏನೂ ಇಲ್ಲ. ಕನ್ನಡಕ ಜೇಬಿನಲ್ಲೇ ಇತ್ತು. ತೆಗೆದು ಹಾಕಿಕೊಂಡು ಅಂಚಿನ ಅಕ್ಷರ ನೋಡಿದ್ದರೆ ಅರ್ಧ ನಿಮಿಷದ ಮಾತು. ಆದರೆ ಬಾಮೈದ ಮೂರಡಿ ದೂರದಲ್ಲಿ ನಿಂತು ಬೋಲ್ಟುಗಳಿಗೆ ಗ್ರೀಸ್ ಹಚ್ಚುತ್ತಿದ್ದ. ಕನ್ನಡಕ ಹಾಕಿಕೊಂಡು ಕ್ಲಚ್ ಪ್ಲೇಟು ಓದುವ ಭಾವನನ್ನು ಕಂಡರೆ ಅವನು ಕೇಳದೆ ಬಿಡುತ್ತಾನೆಯೇ? ಸುಮ್ಮನೆ ಕಣ್ಣಿನಲ್ಲೇ ಅಂದಾಜು ಮಾಡಿದ. ಈ ಮುಖವೇ ಇರಬೇಕು ಎನಿಸಿತು. "ಮಗಳ ಜ್ವರ ಬಿಡ್ತೇನೋ?" ಎಂದು ಕೇಳುತ್ತ, ಎಂದಿನ ಹಾಗೆ ಪ್ಲೇಟು ಕೂರಿಸಿದ.

"ಬೆಳಿಗ್ಗೆ ಬಿಡ್ತು ಭಾವಾ" ಎಂದ ಬಾಮೈದ, ಪ್ಲೇಟಿನ ಕಡೆಗೆ ತಿರುಗಿಯೂ ನೋಡದೆ.

ಎಂಜಿನ್ ಒಳಗೆ ಕೂರುವ ಹೊತ್ತಿಗೆ ಊಟದ ಸಮಯ ದಾಟಿತ್ತು. ಭಾವ ಸರಪಳಿಯನ್ನು ಬೆರಳಿನಿಂದ ಹಿಡಿಯುವುದು ಬಿಟ್ಟು ಎಷ್ಟೋ ದಿನವಾಗಿತ್ತು. ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಕೊಂಡು ತೋಳಿನಿಂದಲೇ ತಡೆದು ಬಿಡುತ್ತಿದ್ದ. ಕೆಳಗಿನಿಂದ "ಬಿಡಿ... ಬಿಡಿ... ಸಾಕು... ಎಡಕ್ಕೆ ಕೂದಲೆಳೆ" ಎಂಬ ದನಿ ಬರುತ್ತಿತ್ತು. ಜಾರುವ ಒಂದೊಂದು ಕೊಂಡಿಯನ್ನೂ ಭಾವ ಕಣ್ಣಿನಲ್ಲೇ ಎಣಿಸುತ್ತಿದ್ದ. ಬೋಲ್ಟು ಬಿಗಿಯಿತು, ಡೀಸೆಲ್ ಪೈಪು, ನೀರಿನ ಪೈಪು, ವೈರು ಎಲ್ಲ ಸೇರಿಸಿದ್ದಾಯಿತು. ಗೋಡೆ ಬದಿಯ ಸ್ಟೂಲಿನ ಮೇಲೆ ಒರಗಿ ಕೂತ ಭಾವನಿಗೆ ಊಟದ ಡಬ್ಬಿಯ ಮುಚ್ಚಳ ತೆಗೆಯುವಷ್ಟು ತ್ರಾಣವೂ ಇರಲಿಲ್ಲ. ಇವತ್ತಿಗೆ ಗೆದ್ದೆ ಎಂದುಕೊಂಡ.

ಬಾಮೈದ ಸೀಟಿಗೆ ಹತ್ತಿ ಚಾವಿ ತಿರುಗಿಸಿದ. ಎಂಜಿನ್ ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಹಿಡಿದುಕೊಂಡಿತು. ಲಾಂಡ್ರಿಯಮ್ಮ ಚಪ್ಪಾಳೆ ತಟ್ಟಿದಳು. ಬಾಮೈದ ಕ್ಲಚ್ ತುಳಿದು ಗೇರು ಹಾಕಹೋದ. ಕರಕರ ಎಂದಿತು. ಇನ್ನೊಮ್ಮೆ ತುಳಿದ. ಹಲ್ಲು ಕಡಿಯುವ ಅದೇ ಸದ್ದು. ಏನಾಗಿದೆ ಎಂಬುದು ಭಾವನಿಗೆ ಆ ಕ್ಷಣವೇ ಗೊತ್ತಾಯಿತು.

ಬಾಮೈದ ಇಳಿದು ಬಂದ. "ಕೇಬಲ್ ಸಡಿಲ ಇರ್ಬೇಕು ಭಾವಾ. ಅದು ನಾನೇ ಕಟ್ಟಿದ್ದು" ಎಂದು ಮತ್ತೆ ಗಾಡಿಯ ಅಡಿಗೆ ತೂರಿದ.

ಆಗ ಭಾವ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಕೆಳಗೆ ಬಾಮೈದ ಕ್ಲಚ್ಚಿನ ಕೇಬಲ್ ಬಿಗಿ ಮಾಡಿದ, ಹೊರಬಂದು ತುಳಿದು ನೋಡಿದ, ಮತ್ತೆ ತೂರಿದ. ಕೇಬಲ್ ಬಿಚ್ಚಿ ಹೊಸದು ಕಟ್ಟಿದ. ಮತ್ತೆ ಕರಕರ. ಇದು ಒಂದು ಸಲವಲ್ಲ, ಒಂದೂವರೆ ಗಂಟೆ ನಡೆಯಿತು. ನಲವತ್ತೆಂಟು ವರ್ಷದ ಮನುಷ್ಯ ಒಮ್ಮೆ ಹಲಗೆಯ ಮೇಲೆ, ಒಮ್ಮೆ ಒಣ ಸಿಮೆಂಟಿನ ಮೇಲೆ ಹಾವಿನಂತೆ ಹರಿದಾಡುತ್ತಿದ್ದ. ಕಣ್ಣಿಗೆ ತುಕ್ಕು ಉದುರುತ್ತಿತ್ತು, ಮೊಣಕೈ ತರಚಿತ್ತು. ಕೊನೆಗೆ ಹೊರಗೆ ಬಂದವನು ಮುಖ ಸಣ್ಣದು ಮಾಡಿಕೊಂಡು ಲಾಂಡ್ರಿಯಮ್ಮನ ಮುಂದೆ ನಿಂತ.

"ತಪ್ಪು ನಂದೇ ಇರ್ಬೇಕಮ್ಮ. ನಿನ್ನೆಯಿಂದ ಮಗಳ ಜ್ವರ ಅಂತ ಅರ್ಧ ಮನಸ್ಸು ಮನೇಲಿತ್ತು. ಎಲ್ಲಿ ಎಡವಿದೀನೋ ಗೊತ್ತಾಗ್ತಿಲ್ಲ. ಕ್ಷಮಿಸಿಬಿಡಿ."

ಅಷ್ಟು ಹೇಳಿ ಮತ್ತೆ ಅಡಿಗೆ ಹೋದ. ಭಾವ ಈಗಲೂ ಸುಮ್ಮನಿದ್ದ ಎಂದು ಬರೆಯುವುದಕ್ಕೆ ನನಗೇ ಸಂಕಟವಾಗುತ್ತದೆ, ಆದರೆ ಇದ್ದ. ಐದು ನಿಮಿಷ ಇದ್ದ. ಆಮೇಲೆ ಸ್ಟೂಲಿನಿಂದೆದ್ದು, ಮಂಡಿ ಹಿಡಿದುಕೊಂಡು ಬಗ್ಗಿ, ಗಾಡಿಯ ಅಡಿಗೆ ಕರೆದ.

"ಹೊರಗೆ ಬಾರೋ."

"ಇರಿ ಭಾವಾ, ಇನ್ನೊಂದೇ ಸಲ ನೋಡ್ತೀನಿ."

"ಕೇಬಲ್ ಸರಿ ಇದೆ. ಪ್ಲೇಟು ತಿರುವುಮುರುವಾಗಿದೆ."

ಕೆಳಗಿನಿಂದ ನಗು ಕೇಳಿಸಿತು. "ನೀವು ಹಾಕಿದ ಪ್ಲೇಟಾ? ಆಯ್ತು ಬಿಡಿ, ಸೂರ್ಯನೂ ಪಶ್ಚಿಮದಲ್ಲಿ ಹುಟ್ಟಿರ್ಬೇಕು ಇವತ್ತು."

"ನನ್ನ ಬೆರಳಿಗೆ ಏನೂ ಗೊತ್ತಾಗಲ್ಲ ಕಣೋ. ಹೆಬ್ಬೆರಳು ಸುಮ್ನೆ ಆಡಿಸ್ದೆ. ನಿನಗೆ ತೋರಿಸೋಕೆ ಆಡಿಸ್ದೆ."

ನಗು ನಿಂತಿತು. ಹಲಗೆಯ ಚಕ್ರಗಳು ಕಿರುಗುಟ್ಟಿದವು. ಬಾಮೈದ ಹೊರಗೆ ಬಂದು, ಎದ್ದು ನಿಲ್ಲದೆ ಹಲಗೆಯ ಮೇಲೆಯೇ ಕೂತ. ಭಾವನ ಕೈಯನ್ನು ನೋಡಿದ. ಹೆಬ್ಬೆರಳ ಬದಿಯಲ್ಲಿ ಅರಿವಿಲ್ಲದೆ ಸುಟ್ಟುಕೊಂಡ ಕಪ್ಪು ಕಲೆಯಿತ್ತು.

"ಯಾವಾಗಿಂದ?"

"ನಾಲ್ಕು ತಿಂಗಳಾಯ್ತು."

ಬಾಮೈದ ಬೆರಳು ಮಡಚಿ ಲೆಕ್ಕ ಹಾಕಿದ. "ಟ್ರ್ಯಾಕ್ಟರು. ಎರಡು ಜೀಪು. ಆ ಹಳದಿ ಲಾರಿ." ದನಿ ಏರಲಿಲ್ಲ, ಏರಿದ್ದರೆ ಭಾವನಿಗೆ ಎಷ್ಟೋ ಹಗುರವಾಗುತ್ತಿತ್ತು. "ಲಾರಿ ಎಂಜಿನ್ ಇಳಿಸೋವಾಗ ನನ್ನ ಎರಡೂ ಕೈ ಒಳಗಿತ್ತು ಭಾವಾ."

"ಗೊತ್ತು."

"ಕಿವಿ ಪಕ್ಕ ಬಿತ್ತಲ್ಲ ಸ್ಪ್ಯಾನರ್ರು. ಎಣ್ಣೆ ಕೈ ಅಂದ್ರಿ. ನಾನು ಹಲ್ಲು ಕಿರಿದೆ."

"ಹೂಂ."

"ಅಕ್ಕನಿಗೆ ಗೊತ್ತಾ?"

ಭಾವ ಹೌದೆಂದು ತಲೆಯಾಡಿಸಿದ. ಬಾಮೈದನ ಮುಖ ಆಗ ನಿಜವಾಗಿ ಕಪ್ಪಿಟ್ಟಿತು. ಎದ್ದು ಹೋಗಿ ನಲ್ಲಿಯ ಕೆಳಗೆ ತಲೆಯೊಡ್ಡಿ ನೀರು ಸುರಿದುಕೊಂಡ, ಒರೆಸಿಕೊಳ್ಳದೆಯೇ ವಾಪಸು ಬಂದ.

"ಏನಂತೆ?" ಎಂದು ಲಾಂಡ್ರಿಯಮ್ಮ ಬೆಂಚಿನಿಂದ ಕೂಗಿದಳು.

"ಗಾಡಿ ನಾಳೆ ಮಧ್ಯಾಹ್ನ ಆಗುತ್ತಮ್ಮ. ಎಂಜಿನ್ ಮತ್ತೆ ಎತ್ತಬೇಕು" ಎಂದ ಭಾವ. "ತಪ್ಪು ಇವನದ್ದಲ್ಲ. ನಂದು."

"ಅಯ್ಯೋ ಹೋಗ್ಲಿ ಬಿಡು, ಭಾವಂದಿರು ತಪ್ಪು ಮಾಡೋದೇನು ಹೊಸದಾ" ಎಂದು ಅವಳು ಎದ್ದಳು. ತಮಾಷೆಗೆ ಅಂದದ್ದು. ಇಬ್ಬರಲ್ಲಿ ಒಬ್ಬನೂ ನಗದಿದ್ದದ್ದು ಕಂಡು, ಕೈಗಾಡಿಯವನನ್ನು ಹುಡುಕಿಕೊಂಡು ಹೋದಳು.

ಬಿಗಿದದ್ದನ್ನೆಲ್ಲ ಮತ್ತೆ ಬಿಚ್ಚಬೇಕು. ಬೆಳಿಗ್ಗೆ ಹುರುಪಿನಲ್ಲಿ ಬಿಗಿದ ಬೋಲ್ಟುಗಳು ಸಂಜೆಗೆ ಮೂರು ಪಟ್ಟು ಬಿಗಿಯಾಗಿರುತ್ತವೆ. ನೀರಿನ ಪೈಪು, ಡೀಸೆಲ್ ಪೈಪು, ವೈರು, ಒಂದೊಂದೇ. "ಹದಿನೇಳು ಕೊಡಿ", "ಬಟ್ಟೆ ಕೊಡಿ" ಎಂಬುದರ ಹೊರತು ಮಾತಿಲ್ಲ, ಆ ಮಾತಿನ ಮುಂದೆ ಭಾವಾ ಎಂಬುದೂ ಇಲ್ಲ. ಎಂಜಿನ್ ಎತ್ತುವಾಗ ಬಾಮೈದ ಸರಪಳಿಯನ್ನು ತಾನೇ ಹಿಡಿದ, ಕೆಳಗೆ ಯಾರೂ ಮಲಗಲಿಲ್ಲ. ಗೇರ್‌ಬಾಕ್ಸಿಗೆ ಜಾಕಿ ಕೊಟ್ಟು, ಒಬ್ಬನೇ ಓಡಾಡುತ್ತ, ಒಂದು ಗಂಟೆಯ ಕೆಲಸವನ್ನು ಎರಡು ಗಂಟೆ ಮಾಡಿದ. ಭಾವ ಅಲ್ಲೇ ನಿಂತಿದ್ದ. ಏನನ್ನು ಎತ್ತಿಕೊಡಹೋದರೂ ಅಷ್ಟರಲ್ಲಿ ಬಾಮೈದ ತಾನೇ ಎತ್ತಿಕೊಂಡಿರುತ್ತಿದ್ದ.

ದಿನಾ ಸಂಜೆ ಶೆಡ್ಡು ಮುಚ್ಚಿದ ಮೇಲೆ ಬಾಮೈದ ಅಕ್ಕನ ಮನೆಯಲ್ಲಿ ಚಹಾ ಕುಡಿದು ಪಕ್ಕದ ಓಣಿಯ ತನ್ನ ಮನೆಗೆ ಹೋಗುತ್ತಿದ್ದ. ಅವತ್ತು ಬರಲಿಲ್ಲ. ಭಾವನ ಹೆಂಡತಿ ಮೂರು ಲೋಟ ಇಟ್ಟಿದ್ದಳು.

"ಹೇಳಿದ್ರಾ?"

"ಹೇಳ್ದೆ."

"ನಂಗೂ ಗೊತ್ತಿತ್ತು ಅಂತಾನೂ?"

"ಅವನೇ ಕೇಳ್ದ."

ಅವಳು ಮೂರನೆಯ ಲೋಟದ ಚಹಾವನ್ನು ಪಾತ್ರೆಗೆ ಸುರಿದು ಮುಚ್ಚಿದಳು. "ನಾಲ್ಕು ತಿಂಗಳು ನಾನೂ ಬಾಯಿಗೆ ಬೀಗ ಹಾಕ್ಕೊಂಡೆ" ಎಂದಳು. "ಗಂಡನ ಮಾನ ದೊಡ್ಡದು ಅನ್ನಿಸ್ತು." ಬೆಳಿಗ್ಗೆ ಗುಡುಗಿದ್ದ ಹೆಂಗಸು ಈಗ ಅಷ್ಟು ಮೆಲ್ಲಗೆ ಮಾತಾಡಿದ್ದು ಭಾವನಿಗೆ ಏಟಿಗಿಂತ ಜೋರಾಗಿ ತಗುಲಿತು. ಇಬ್ಬರೂ ಬೇಗ ಮಲಗಿದರು. ಇಬ್ಬರಿಗೂ ನಿದ್ದೆ ಹತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಭಾವ ಶೆಡ್ಡಿಗೆ ಹೋದಾಗ ಬಾಗಿಲು ತೆರೆದಿತ್ತು. ಬಾಮೈದ ಕ್ಲಚ್ ಪ್ಲೇಟನ್ನು ಬೆಳಕಿಗೆ ಹಿಡಿದು, ಒರೆಸಿ, ಅಂಚಿನ ಅಕ್ಷರ ಹುಡುಕುತ್ತಿದ್ದ. ಸಿಕ್ಕಿತು. ಪ್ಲೇಟನ್ನು ಭಾವನ ಮುಂದೆ ಚಾಚಿದ.

"ಕನ್ನಡಕ ಹಾಕ್ಕೊಂಡು ನೋಡಿ."

ಭಾವ ಹಾಕಿಕೊಂಡು ನೋಡಿದ. "ಸರಿ ಇದೆ" ಎಂದ. ಬಾಮೈದ ಅದನ್ನು ಎಂಜಿನ್ನಿಗೆ ಕೂರಿಸಿ ಬೋಲ್ಟು ಬಿಗಿದ. ಅವನಿಗೆ ಅಭ್ಯಾಸವಿಲ್ಲದ ಕೆಲಸ. ಭಾವ ಮಾತಾಡುತ್ತ ಮಾಡುತ್ತಿದ್ದದ್ದಕ್ಕೆ ಅವನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಮುಗಿಸಿ ಎದ್ದವನು ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನೀವು ಕೆಳಗೆ ಹೋಗಿ."

"ನಾನಾ?"

"ಕೆಳಗೆ ಒಬ್ರು ನೋಡಿ ಹೇಳೋರು ಬೇಕಲ್ಲ. ಕೈ ಒಳಗೆ ಹಾಕೋದು ಬೇಡ, ರಾಡಿನಿಂದ ಸರಿಸಿ. ಕಣ್ಣು ಚೆನ್ನಾಗಿದೆ ತಾನೇ? ಇಲ್ಲ, ಅದನ್ನೂ ಮುಚ್ಚಿಟ್ಟಿದೀರಾ?"

ಭಾವ ಅದನ್ನು ಹೊಟ್ಟೆಗೆ ಹಾಕಿಕೊಂಡ. ಹಲಗೆಯ ಮೇಲೆ ಕೂತು, ಮಲಗಿ, ಹಿಮ್ಮಡಿಯಿಂದ ನೆಲ ತಳ್ಳುತ್ತ ಗಾಡಿಯ ಅಡಿಗೆ ಸರಿದ. ಇಪ್ಪತ್ತಾರು ವರ್ಷದಿಂದ ಎಂಜಿನ್ ಇಳಿಯುವಾಗ ಅವನು ಅಲ್ಲಿಗೆ ಹೋದವನಲ್ಲ. ಅಡಿಯಲ್ಲಿ ಡೀಸೆಲ್ಲಿನ, ಹಳೆಯ ಗ್ರೀಸಿನ ವಾಸನೆ ಕಟ್ಟಿಕೊಂಡಿತ್ತು. ಮೇಲೆ ನೋಡಿದರೆ ಚೌಕಾಕಾರದ ಬೆಳಕಿನ ತುಂಡು. ಸರಪಳಿ ಕಟಕಟ ಎಂದಿತು, ಎಂಜಿನ್ ಆ ಬೆಳಕನ್ನು ತುಂಬಿಕೊಂಡು ಇಳಿಯತೊಡಗಿತು.

ಮೇಲೆ ನಿಂತು ನೋಡುವಾಗ ಅದು ಒಂದು ವಸ್ತು, ಇಳಿಸಬೇಕಾದ ಸಾಮಾನು. ಕೆಳಗೆ ಮಲಗಿದವನಿಗೆ ಅದರ ಹೊರತು ಬೇರೆ ಏನೂ ಕಾಣುವುದಿಲ್ಲ. ಎಣ್ಣೆಪಸೆಯ ಕಪ್ಪು ಹೊಟ್ಟೆ ಮೂಗಿನ ನೇರಕ್ಕೆ, ಎದೆಯ ನೇರಕ್ಕೆ ಬರುತ್ತಿತ್ತು. ತುಸು ತೂಗಿತು. ಭಾವನ ಬೆನ್ನು ಹಲಗೆಗೆ ಅಂಟಿಕೊಂಡಿತು, ರಾಡು ಕೈಯಲ್ಲಿದೆಯೋ ಇಲ್ಲವೋ ತಿಳಿಯಲಿಲ್ಲ. ಸರಪಳಿ ಹಿಡಿದವನ ಕಾಲು ಮಾತ್ರ ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ.

"ನಿಲ್ಸು! ನಿಲ್ಸೋ!"

ಸರಪಳಿ ತಟ್ಟನೆ ನಿಂತಿತು. ಎಂಜಿನ್ ಭಾವನ ಎದೆಯಿಂದ ಒಂದು ಮೊಳ ಮೇಲೆ ಅಲ್ಲಾಡದೆ ನಿಂತಿತ್ತು.

"ಏನಾಯ್ತು? ಎಲ್ಲಿ ತಾಗ್ತು?"

"ಎಲ್ಲೂ ತಾಗಿಲ್ಲ." ಭಾವ ಆ ಕಪ್ಪು ಹೊಟ್ಟೆಯನ್ನೇ ನೋಡುತ್ತ ಕೇಳಿದ. "ಇಷ್ಟು ವರ್ಷ ಇಲ್ಲಿ ಮಲಗಿದ್ಯಲ್ಲೋ... ಹೆದರಿಕೆ ಆಗ್ತಿರ್ಲಿಲ್ವಾ ನಿಂಗೆ?"

ಮೇಲೆ ನಿಂತವನ ಕಾಲು ಒಂದು ಹೆಜ್ಜೆ ಹತ್ತಿರ ಬಂತು. ಆಮೇಲೆ ಬಾಮೈದ ಹೇಳಿದ, ಅದರಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು.

"ಯಾಕಾಗ್ಬೇಕು ಭಾವಾ? ಮೇಲೆ ನೀವಿದ್ರಲ್ಲ."

ಭಾವ ಕಣ್ಣು ಮುಚ್ಚಿಕೊಂಡ. ಕಿವಿಯ ಪಕ್ಕಕ್ಕೆ ಬಿಸಿಯಾಗಿ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ; ಎರಡೂ ಕೈಯಲ್ಲಿ ರಾಡು ಹಿಡಿದಿದ್ದ. ಮತ್ತೆ ಕಣ್ಣು ತೆರೆದು ಶಾಫ್ಟಿನ ತುದಿಯನ್ನೇ ದಿಟ್ಟಿಸಿದ.

"ಬಿಡು" ಎಂದ. "ನಿಧಾನಕ್ಕೆ ಬಿಡು. ನಾನು ನೋಡ್ತಿದೀನಿ."